ಮ್ಯಾರಥಾನ್‌ಗೆ ಮುನ್ನ ಕೊನೆಯ ಲಾಂಗ್ ರನ್: ಉಡುಪಿಯ ಪಡುಕೆರೆ–ಮಟ್ಟು ದಾರಿಯಲ್ಲಿ ಗುಂಪಾಗಿ 30 ಕಿ.ಮೀ. ಮುಗಿಸುವ ಬಗೆ

ಗುಂಪಿನ ಕೊನೆಯ ಲಾಂಗ್ ರನ್ ಮೊದಲ 5 ಕಿಲೋಮೀಟರಿನಲ್ಲೇ ಕೆಡುತ್ತದೆ. ಕೆಟ್ಟದ್ದು ಗೊತ್ತಾಗುವುದು ಮಾತ್ರ 25 ದಾಟಿದ ಮೇಲೆ. ನಸುಕಿನ ತಂಪು, ವಾರಗಟ್ಟಲೆ ತಯಾರಿ ಮಾಡಿದ ಹುರುಪು, ಪಕ್ಕದಲ್ಲಿ ಮಾತಾಡಲು ಜನ. ಕಾಲು ತಾನಾಗಿ ಜೋರಾಗುತ್ತದೆ. ಕಿ.ಮೀ.ಗೆ 20 ಸೆಕೆಂಡ್ ಬೇಗ ಹೋದದ್ದು ಆಗ ತಿಳಿಯುವುದೇ ಇಲ್ಲ. ಸೂರ್ಯ ತೆಂಗಿನ ತೋಟದ ಮೇಲೆ ಬಂದಾಗ ಅದರ ಲೆಕ್ಕ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಹಾಗಾಗಿ ಕೆಳಗಿನ ತಯಾರಿಯೆಲ್ಲ ಒಂದೇ ಉದ್ದೇಶಕ್ಕೆ: ಎಲ್ಲರೂ ತಡೆದು ಓಡಬೇಕು, ಕೊನೆಯ ಕಿಲೋಮೀಟರಿನಲ್ಲೂ ನೆಟ್ಟಗೆ ಓಡುತ್ತಿರಬೇಕು. ಈ ದಿನ ಯಾರ ಸಾಮರ್ಥ್ಯವನ್ನೂ ಅಳೆಯಬೇಕಾಗಿಲ್ಲ. ಸ್ಪರ್ಧೆಯ ದಿನ ಏನು ತಿನ್ನಬೇಕು, ಏನು ಕುಡಿಯಬೇಕು, ಏನು ಹಾಕಿಕೊಳ್ಳಬೇಕು ಎಂಬುದೆಲ್ಲ ಇಲ್ಲಿ ಇತ್ಯರ್ಥವಾದರೆ ಸಾಕು.

ಯಾವಾಗ, ಎಷ್ಟು ದೂರ

ಸ್ಪರ್ಧೆಗೆ ಸರಿಯಾಗಿ 3 ವಾರ ಮೊದಲು. ಜನವರಿಯ ಮೂರನೇ ಭಾನುವಾರದ ಮುಂಬೈ ಮ್ಯಾರಥಾನ್‌ಗೆ ಹೋಗುವವರಿಗೆ ಇದು ಡಿಸೆಂಬರ್ ಕೊನೆಯ ವಾರದ ಆಸುಪಾಸಿಗೆ ಬರುತ್ತದೆ. ಉದ್ದದ ಓಟದ ಲಾಭ ದೇಹಕ್ಕೆ ಸೇರಲು ಹತ್ತು ಹದಿನೈದು ದಿನ ಬೇಕು, ದಣಿವು ಪೂರ್ತಿ ಇಳಿಯಲು ಸ್ವಲ್ಪ ಹೆಚ್ಚೇ ಬೇಕು. ಜ್ವರ ಬಂದೋ ಮದುವೆಗೆ ಹೋಗಿಯೋ ಆ ಭಾನುವಾರ ತಪ್ಪಿದರೆ ಮುಂದಿನ ವಾರ 30 ಓಡಿ ಸರಿಮಾಡಲು ಹೋಗಬೇಡಿ. ತಪ್ಪಿದ್ದು ತಪ್ಪಿತು, ಮುಂದಿನ ವಾರ 20ರಿಂದ 22 ಕಿ.ಮೀ.ಗೆ ನಿಲ್ಲಿಸಿ.

ಮ್ಯಾರಥಾನ್ 42.195 ಕಿ.ಮೀ. ಆದರೂ ಕೊನೆಯ ಅಭ್ಯಾಸ 30ರಿಂದ 32 ದಾಟಬಾರದು. ಅದಕ್ಕಿಂತ ಮುಖ್ಯವಾದದ್ದು ಗಂಟೆಯ ಮಿತಿ. 3 ಗಂಟೆ 40 ನಿಮಿಷ ಆದ ಮೇಲೆ ಓಡಿದ್ದರಲ್ಲಿ ಗಳಿಕೆ ಕಡಿಮೆ, ಸ್ನಾಯು ಮತ್ತು ಎಲುಬಿಗೆ ಪೆಟ್ಟು ಜಾಸ್ತಿ. ನಿಧಾನವಾಗಿ ಓಡುವವರು ಇಲ್ಲೇ ತಪ್ಪುವುದು. ವೇಗದವರು 32 ಓಡಿದರು ಎಂದು ತಾವೂ 32 ಓಡುತ್ತಾರೆ, ಅದಕ್ಕೆ ನಾಲ್ಕೂಕಾಲು ಗಂಟೆ ಹಿಡಿಯುತ್ತದೆ, ಮೂರು ವಾರವಾದರೂ ಕಾಲು ಚೇತರಿಸುವುದಿಲ್ಲ.

ಗುಂಪನ್ನು ಮೂರು ಮಾಡಿ. 4 ಗಂಟೆ 10 ನಿಮಿಷದ ಗುರಿಯವರ ಸ್ಪರ್ಧೆಯ ವೇಗ ಕಿ.ಮೀ.ಗೆ 5 ನಿಮಿಷ 55 ಸೆಕೆಂಡ್. ಇವರು ಇಲ್ಲಿ ಕಿ.ಮೀ.ಗೆ 6:30ರ ವೇಗದಲ್ಲಿ 32 ಕಿ.ಮೀ. ಓಡಲಿ. ನಾಲ್ಕೂವರೆ ಗಂಟೆಯವರ ವೇಗ 6:24. ಅವರಿಗೆ ಇಲ್ಲಿ 7:15, ದೂರ 30. ಐದು ಗಂಟೆಯವರ ವೇಗ 7:06; ಅವರಿಗೆ 8:00, ದೂರ 27. ಲೆಕ್ಕ ಹಾಕಿ ನೋಡಿದರೆ ಮೂರು ಗುಂಪಿನವರೂ ಸುಮಾರು ಮೂರೂವರೆಯಿಂದ ಮೂರು ಗಂಟೆ ನಲವತ್ತು ನಿಮಿಷದೊಳಗೆ ಮುಗಿಸುತ್ತಾರೆ. ಒಂದು ಗುಂಪಿನಲ್ಲಿ 6ರಿಂದ 8 ಜನ ಇದ್ದರೆ ಚೆಂದ. ಹತ್ತು ದಾಟಿದರೆ ಮುಂದಿನವರಿಗೆ ಹಿಂದಿನವರ ಮಾತು ಕೇಳುವುದಿಲ್ಲ, ಗುಂಪು ಎರಡಾಗುತ್ತದೆ.

ದಾರಿ

ಮಲ್ಪೆಯಿಂದ ಪಡುಕೆರೆ ಸೇತುವೆ ದಾಟಿದರೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ತೆಂಗಿನ ತೋಟದ ನೆರಳಿನಲ್ಲಿ ಮಟ್ಟು ಕಡೆಗೆ ಹೋಗುವ ರಸ್ತೆ. ಸಮತಟ್ಟು, ಭಾನುವಾರ ನಸುಕಿನಲ್ಲಿ ವಾಹನ ಕಡಿಮೆ. ಉದ್ದದ ಓಟಕ್ಕೆ ಉಡುಪಿಯ ಸುತ್ತ ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ. ಮಣಿಪಾಲದ ಏರು ಬಲ ಬೆಳೆಸುತ್ತದೆ, ಆದರೆ ಅದು ಆರು ವಾರ ಮುಂಚಿನ ಕೆಲಸ. ಈ ಹಂತದಲ್ಲಿ ಅಲ್ಲಿಂದ ಇಳಿಯುವಾಗ ತೊಡೆಗೆ ಬೀಳುವ ಪೆಟ್ಟು ಯಾರಿಗೂ ಬೇಡ. ಹೆದ್ದಾರಿಯಂತೂ ಬೇಡವೇ ಬೇಡ.

ಸೇತುವೆಯ ಪಡುಕೆರೆ ಬದಿಯಲ್ಲಿ ಠಾಣೆ (ಓಟ ಹೊರಟು ಮುಗಿಯುವ ಜಾಗ) ಹೂಡಿ. ಅಲ್ಲಿಂದ ದಕ್ಷಿಣಕ್ಕೆ ಸ್ಕೂಟರಿನ ಮೀಟರು ಮತ್ತು ಜಿಪಿಎಸ್ ವಾಚು ಎರಡರಲ್ಲೂ ಅಳೆದು 3.75 ಮತ್ತು 7.5 ಕಿ.ಮೀ.ಗೆ ಸುಣ್ಣದಲ್ಲಿ ಗುರುತು ಹಾಕಿ. 7.5 ಮಟ್ಟು ಆಸುಪಾಸಿಗೆ ಬರುತ್ತದೆ. ಹೋಗಿ ಬಂದರೆ 15, ಎರಡು ಸಲ ಮಾಡಿದರೆ 30. ಎಂಟು ನಿಮಿಷದ ಗುಂಪು ಎರಡನೇ ಸುತ್ತಿನಲ್ಲಿ 6 ಕಿ.ಮೀ.ಗೇ ತಿರುಗಿದರೆ ಅವರಿಗೆ 27 ಆಗುತ್ತದೆ. 32ರವರು ಕೊನೆಯ 2 ಕಿ.ಮೀ.ಯನ್ನು ಸೇತುವೆಯ ಮೇಲೆ ಹೋಗಿ ಬಂದು ಮುಗಿಸಲಿ. ದಣಿದ ಕಾಲಿಗೆ ಒಂದು ಸಣ್ಣ ಏರು ಸಿಗುತ್ತದೆ, ಮುಂಬೈಗೆ ಹೋಗುವವರಿಗೆ ಪೆಡ್ಡರ್ ರಸ್ತೆಯ ಏರಿನ ಅಂದಾಜೂ ಸಿಗುತ್ತದೆ.

ಒಂದೇ ದಾರಿಯಲ್ಲಿ ಎರಡು ಸಲ ಹೋಗುವುದು ಬೇಸರ ಎನ್ನುವವರು ಇರುತ್ತಾರೆ. ಕೇಳಬೇಡಿ. ಯಾರಿಗಾದರೂ ಆಗದೆ ಹೋದರೆ ಠಾಣೆ ಎಂದೂ 7.5 ಕಿ.ಮೀ.ಗಿಂತ ದೂರವಿರುವುದಿಲ್ಲ, ಮೂರೂ ಗುಂಪುಗಳು ಎದುರುಬದುರು ಸಿಗುತ್ತಾ ಇರುತ್ತವೆ, ನೀರಿಗೆ ಮೂರೇ ಜಾಗ ಸಾಕು. ಮಲ್ಪೆಯ ಬಂದರಿನ ಬದಿಗೆ ಮಾತ್ರ ಓಟ ಹಾಯಿಸಬೇಡಿ. ಮೀನಿನ ಲಾರಿಗಳಿಂದ ಸೋರಿದ ಐಸ್ ನೀರು ಡಾಂಬರಿನ ಮೇಲೆ ಜಿಡ್ಡಾಗಿ ನಿಂತಿರುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ, ಕಾಲಿಟ್ಟರೆ ಜಾರುತ್ತದೆ.

ವಾಹನಕ್ಕೆ ಎದುರಾಗಿ ರಸ್ತೆಯ ಬಲಬದಿಯಲ್ಲಿ, ಇಬ್ಬಿಬ್ಬರ ಸಾಲಿನಲ್ಲಿ ಓಡಬೇಕು. ಹೋಗುವಾಗ ಅದು ಕಡಲಿನ ಬದಿ. ಹೊಯಿಗೆ (ಮರಳು) ರಸ್ತೆಗೆ ಬಂದಿರುತ್ತದೆ, ಅಂಚಿನಿಂದ ಎರಡು ಅಡಿ ಒಳಗೆ ಇರಿ. ಬರುವಾಗ ಅದು ತೋಟದ ಬದಿ, ಬಿಸಿಲು ಬಂದ ಮೇಲೂ ನೆರಳು ಅಲ್ಲೇ. ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು. ಹೋಗುವಾಗಲೂ ಬರುವಾಗಲೂ ಬಲಬದಿಯಲ್ಲೇ ಓಡಿದರೆ 30 ಕಿ.ಮೀ. ಉದ್ದಕ್ಕೂ ಬಲಗಾಲೇ ತಗ್ಗಿನಲ್ಲಿ ಬೀಳುತ್ತದೆ. ಓಟದ ನಂತರ ಒಂದೇ ಮೊಣಕಾಲಿನ ಹೊರಬದಿ, ಒಂದೇ ಸೊಂಟ ನೋಯುವುದಕ್ಕೆ ಇದೂ ಒಂದು ಕಾರಣ. ದಾರಿ ಖಾಲಿ ಇರುವಲ್ಲಿ, ಮುಂದಿನವರು ನೋಡಿ ಹೇಳಿದ ಮೇಲೆ, ನಡುರಸ್ತೆಗೆ ಬನ್ನಿ.

ಜನ ಮತ್ತು ಜವಾಬ್ದಾರಿ

ಪ್ರತಿ ಗುಂಪಿಗೆ ಒಬ್ಬ ಪೇಸರ್ (ನಿಗದಿತ ವೇಗ ಹಿಡಿದು ಗುಂಪನ್ನು ನಡೆಸುವವರು), ಕೊನೆಯವರ ಹಿಂದೆ ಒಬ್ಬರು. ಪೇಸರ್ ಆಗುವವರು ಆ ವೇಗಕ್ಕಿಂತ ಕಿ.ಮೀ.ಗೆ ಒಂದು ನಿಮಿಷವಾದರೂ ಬೇಗ ಓಡಬಲ್ಲವರಾಗಿರಬೇಕು. ತಾನೇ ಏದುಸಿರು ಬಿಡುವವನು ಗುಂಪನ್ನು ತಡೆಯಲಾರ. ಮೊದಲ 3 ಕಿ.ಮೀ.ಯಲ್ಲಿ ನಿಗದಿತ ವೇಗಕ್ಕಿಂತ 20ರಿಂದ 30 ಸೆಕೆಂಡ್ ನಿಧಾನ ಇರಲಿ. ಯಾರಾದರೂ ಪೇಸರಿನ ಹೆಗಲು ದಾಟಿ ಮುಂದೆ ಹೋದರೆ ಕೂಡಲೇ ಹೆಸರು ಹಿಡಿದು ಕರೆಯಿರಿ. ಮುಜುಗರ ಬೇಡ, ಆಗ ಸುಮ್ಮನಿದ್ದರೆ 26ನೇ ಕಿ.ಮೀ.ಯಲ್ಲಿ ಅದೇ ಮನುಷ್ಯನನ್ನು ಸ್ಕೂಟರಿನಲ್ಲಿ ಕರೆತರಬೇಕಾಗುತ್ತದೆ. ವಾಚಿನ ಆ ಕ್ಷಣದ ವೇಗ ತೆಂಗಿನ ಮರಗಳ ಕೆಳಗೆ ಏರುಪೇರಾಗುತ್ತದೆ, ಕಿ.ಮೀ.ಯ ಸರಾಸರಿಯನ್ನೇ ನೋಡಿ. ಅದಕ್ಕಿಂತ ನಂಬಿಕಸ್ಥ ಅಳತೆ ಮಾತು. ಪೂರ್ತಿ ಒಂದು ವಾಕ್ಯ ಉಸಿರು ಕಟ್ಟದೆ ಹೇಳಲು ಆದರೆ ವೇಗ ಸರಿ. ಎರಡೆರಡು ಪದಕ್ಕೆ ಉಸಿರು ಬೇಕಾದರೆ ಜಾಸ್ತಿ.

ಓಡದೆ ಸಹಾಯಕ್ಕೆ ನಿಲ್ಲುವವರು ಮೂವರು ಬೇಕು: ಠಾಣೆಗೊಬ್ಬರು, 3.75ಕ್ಕೊಬ್ಬರು, 7.5ರ ತಿರುವಿಗೊಬ್ಬರು. ಒಂದು ಕಾರು, ಒಂದು ಸ್ಕೂಟರು. ಓಟಗಾರರ ಹೆಸರು, ಮನೆಯವರ ಫೋನ್ ನಂಬರು, ಇರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ ಬರೆದ ಹಾಳೆ ಠಾಣೆಯಲ್ಲಿರಲಿ. ತಲೆಗೆ ಲೈಟು ಇಬ್ಬರಿಗೊಂದರಂತೆ ಸಾಕು, ಬೆಳಕು ಕೆಳಕ್ಕಿರಲಿ, ಎದುರು ಬರುವ ಸವಾರನ ಕಣ್ಣಿಗೆ ಹೊಡೆಯಬಾರದು. ಹೊಳೆಯುವ ಪಟ್ಟಿಯ ಜಾಕೆಟ್ ಎಲ್ಲರಿಗೂ, ಮಿನುಗುವ ಕೆಂಪು ಲೈಟು ಕೊನೆಯವರ ಬೆನ್ನಿಗೆ. ಅದು ಮನೆಗಳ ನಡುವಿನ ದಾರಿ, ನಾಲ್ಕೂವರೆಗೆ ಜನ ಮಲಗಿರುತ್ತಾರೆ. ಕೂಗಾಟ, ಸ್ಪೀಕರಿನಲ್ಲಿ ಹಾಡು ಬೇಡ.

ನೀರಿನ ಲೆಕ್ಕ

20 ಜನರಿಗೆ ಹೇಳುತ್ತೇವೆ, ನಿಮ್ಮ ಸಂಖ್ಯೆಗೆ ಹೊಂದಿಸಿಕೊಳ್ಳಿ. 30 ಕಿ.ಮೀ.ಯಲ್ಲಿ 3.75ರ ಜಾಗವನ್ನು 4 ಸಲ, ತಿರುವನ್ನು 2 ಸಲ, ಠಾಣೆಯನ್ನು 2 ಸಲ ಮುಟ್ಟುತ್ತೀರಿ. ಒಂದು ಸಲಕ್ಕೆ 180 ಮಿ.ಲೀ. ಹಿಡಿದರೆ 3.75ಕ್ಕೆ ಹದಿನಾಲ್ಕೂವರೆ ಲೀಟರ್, ಅಂದರೆ 20 ಲೀಟರಿನ ಒಂದು ಕ್ಯಾನು, ಉಳಿದದ್ದು ತಲೆಗೆ ಹೊಯ್ಯಲು. ತಿರುವಿಗೆ 10 ಲೀಟರ್. ಠಾಣೆಗೆ ಇನ್ನೊಂದು ಪೂರ್ತಿ ಕ್ಯಾನು, ಮುಗಿಸಿದ ಮೇಲೆ ತಲಾ ಅರ್ಧ ಲೀಟರ್ ಬೇಕಲ್ಲ. ಪ್ಲಾಸ್ಟಿಕ್ ಲೋಟ ತರಬೇಡಿ. ಗಾಳಿಗೆ ಹಾರಿ ಸೀದಾ ಕಡಲಿಗೇ ಹೋಗುತ್ತದೆ. ಹೆಸರು ಬರೆದ ತಮ್ಮ ತಮ್ಮ ಬಾಟಲಿ ಸಾಕು.

ಬರೀ ನೀರು ಸಾಲದು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈಯಿಂದ ಸುರಿದು ಹೋಗುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಮರಳಿ ಬರುವ ಎರಡು ಸಲವೂ 3.75ರಲ್ಲಿ ನೀರಿನ ಬದಲು ಓಆರ್‌ಎಸ್ ಕೊಡಿ. 7 ಲೀಟರಿಗೆ 7 ಪ್ಯಾಕೆಟ್, 20.5 ಗ್ರಾಮಿನವು. ಒಂದು ಪ್ಯಾಕೆಟ್ ಒಂದು ಲೀಟರಿಗೇ. ಅವಸರದಲ್ಲಿ ಒಂದು ಲೋಟಕ್ಕೆ ಪೂರ್ತಿ ಪ್ಯಾಕೆಟ್ ಸುರಿದು ಕುಡಿದರೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ, ಬಾಯಾರಿಕೆಯೂ ಇಮ್ಮಡಿಯಾಗುತ್ತದೆ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುವುದರಿಂದ ಇದನ್ನು ಆಹಾರವೆಂದು ಲೆಕ್ಕ ಹಿಡಿಯಬೇಡಿ. ಬೊಂಡದ (ಎಳನೀರಿನ) ವಿಷಯದಲ್ಲಿ ನಮ್ಮೂರಿನವರಿಗೆ ಪ್ರೀತಿ ಜಾಸ್ತಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಓಟ ಮುಗಿದ ಮೇಲೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ, ಓಡುವಾಗ ಅದನ್ನೇ ನೆಚ್ಚಬೇಡಿ.

ಅತಿಯಾಗಿ ಕುಡಿಯುವುದೂ ಅಪಾಯವೇ. ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ: ಬೆರಳು ಊದುವುದು, ತಲೆನೋವು, ವಾಕರಿಕೆ, ಕೊನೆಗೆ ಗೊಂದಲ. ಇದನ್ನು ನಿರ್ಜಲೀಕರಣ ಎಂದು ತಿಳಿದು ಮತ್ತೆ ನೀರು ಕೊಟ್ಟರೆ ಪ್ರಾಣಕ್ಕೆ ಬರುತ್ತದೆ. ಹಾಗಾಗಿ ಠಾಣೆಯಲ್ಲಿ ಒಂದು ತೂಕದ ಯಂತ್ರ ಇರಲೇಬೇಕು. ಹೊರಡುವ ಮೊದಲು, ಮುಗಿಸಿ ಮೈ ಒರೆಸಿದ ಮೇಲೆ, ಒಂದೇ ಬಗೆಯ ಒಣ ಬಟ್ಟೆಯಲ್ಲಿ ತೂಗಿ. 64 ಕಿಲೋ ಇದ್ದವರು 62.8 ಆಗಿದ್ದು ದಾರಿಯಲ್ಲಿ 1.8 ಲೀಟರ್ ಕುಡಿದಿದ್ದರೆ ಬೆವರು ಹೋದದ್ದು ಸುಮಾರು 3 ಲೀಟರ್, ಮೂರೂಮುಕ್ಕಾಲು ಗಂಟೆಗೆ ಭಾಗಿಸಿದರೆ ಗಂಟೆಗೆ 800 ಮಿ.ಲೀ. ಸ್ಪರ್ಧೆಯ ದಿನದ ನೀರಿನ ಅಂದಾಜು ಈ ಅಂಕಿಯಿಂದಲೇ ಹುಟ್ಟಬೇಕು. ಹೋದದ್ದನ್ನೆಲ್ಲ ತುಂಬಿಸಬೇಕಾಗಿಲ್ಲ, ತೂಕದ ಶೇ. 2ರಷ್ಟು ಇಳಿದರೆ ನಡೆಯುತ್ತದೆ. ತೂಕ ಏರಿದ್ದರೆ ಮಾತ್ರ ಕುಡಿದದ್ದು ಹೆಚ್ಚಾಯಿತು ಎಂದೇ ಅರ್ಥ.

ಊಟ

ಹಿಂದಿನ ರಾತ್ರಿ ಏಳೂವರೆಯೊಳಗೆ ಊಟ. ಕುಚ್ಚಲಕ್ಕಿಗಿಂತ ಬೆಳ್ತಿಗೆ ಅನ್ನ ಹಗುರ, ಜೊತೆಗೆ ತಿಳಿಸಾರು, ಸ್ವಲ್ಪ ಮೊಸರು. ಮೀನು ಗಸಿ, ಕಡ್ಲೆ ಸುಕ್ಕ, ಕೋಳಿ ಸುಕ್ಕ ಮರುದಿನಕ್ಕೆ ಇರಲಿ. ಖಾರ, ತೆಂಗಿನಕಾಯಿ, ಬೇಳೆಕಾಳು 18ನೇ ಕಿ.ಮೀ.ಗೆ ಹೊಟ್ಟೆಯಲ್ಲಿ ಮಾತಾಡತೊಡಗುತ್ತವೆ, ಪಡುಕೆರೆ ದಾರಿಯಲ್ಲಿ ಆ ಹೊತ್ತಿಗೆ ಶೌಚಾಲಯ ಸಿಗುವುದು ಕಷ್ಟ.

ಬೆಳಿಗ್ಗೆ 3ಕ್ಕೆ ಎದ್ದು ಎರಡು ಇಡ್ಲಿ ಬೆಲ್ಲ, ಇಲ್ಲವೇ ಜಾಮ್ ಹಚ್ಚಿದ ಎರಡು ತುಂಡು ಬ್ರೆಡ್ಡು, ಒಂದು ಬಾಳೆಹಣ್ಣು. ಕಾಫಿ ಅಭ್ಯಾಸವಿದ್ದರೆ ಕುಡಿಯಿರಿ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಸುಲಿದ 60 ಗ್ರಾಂ ಬಾಳೆಹಣ್ಣಿನಲ್ಲಿ 14 ಗ್ರಾಂ, 15 ಗ್ರಾಂ ಬೆಲ್ಲದಲ್ಲಿ 13ರ ಮೇಲೆ, ಒಂದು ಜೆಲ್‌ನಲ್ಲಿ (ಓಟಗಾರರು ಹೀರುವ ಸಕ್ಕರೆ ಪಾಕದ ಪೊಟ್ಟಣ) ಸಾಮಾನ್ಯವಾಗಿ 20ರಿಂದ 25. ಮೊದಲನೆಯದು 40ನೇ ನಿಮಿಷಕ್ಕೆ, ಆಮೇಲೆ 35ರಿಂದ 40 ನಿಮಿಷಕ್ಕೊಮ್ಮೆ, ಹಸಿವಿಗೆ ಕಾಯದೆ. ಹಸಿವಾದಾಗ ತಿಂದದ್ದು ಕೆಲಸಕ್ಕೆ ಬರುವಷ್ಟರಲ್ಲಿ ಇನ್ನೂ 3 ಕಿ.ಮೀ. ಕಳೆದಿರುತ್ತದೆ. ಜೆಲ್ ಆದರೆ ನೀರಿನ ಜೊತೆ ಮಾತ್ರ. ಸಿಹಿ ಪಾನೀಯದ ಜೊತೆ ತೆಗೆದುಕೊಂಡರೆ ಸಕ್ಕರೆ ದಟ್ಟವಾಗಿ ಹೊಟ್ಟೆ ಉಬ್ಬರಿಸುತ್ತದೆ. ಚಿಕ್ಕಿಯ ಶೇಂಗಾದ ಎಣ್ಣೆ ಜೀರ್ಣವಾಗುವುದು ನಿಧಾನ, ಅದು ಓಟದ ನಂತರಕ್ಕೆ. ಸ್ಪರ್ಧೆಯಲ್ಲಿ ಯಾವುದನ್ನು ತಿನ್ನುತ್ತೀರೋ ಇವತ್ತು ಅದನ್ನೇ ತಿನ್ನಿ.

ಮೈಮೇಲೆ

ಸ್ಪರ್ಧೆಯ ದಿನದ ಬನಿಯನ್ನು, ಚಡ್ಡಿ, ಕಾಲುಚೀಲ, ಶೂ ಎಲ್ಲವೂ ಇವತ್ತು ಬರಬೇಕು. ಶೂ ಕನಿಷ್ಠ 50 ಕಿ.ಮೀ. ಓಡಿರಲಿ. ಹತ್ತಿಯ ಕಾಲುಚೀಲ ಬೇಡ, ಬೆವರು ಹಿಡಿದು ಬೊಕ್ಕೆ ಎಬ್ಬಿಸುತ್ತದೆ. ಉಗುರನ್ನು ಮೂರು ದಿನ ಮೊದಲೇ ಕತ್ತರಿಸಿ. ತೊಡೆಯ ಸಂದು, ಕಂಕುಳು, ಬ್ರಾ ಪಟ್ಟಿಯ ಕೆಳಗೆ ವ್ಯಾಸಲೀನ್ ದಪ್ಪವಾಗಿ ಹಚ್ಚಿ. ನಮ್ಮಲ್ಲಿ ಹಲವರು ತೆಂಗಿನೆಣ್ಣೆ ಹಚ್ಚುತ್ತಾರೆ. ಅದು 24 ಡಿಗ್ರಿಗೇ ಕರಗುವ ಎಣ್ಣೆ, ಮೈ ಶಾಖಕ್ಕೆ ತೆಳುವಾಗಿ ಬೆವರಿನ ಜೊತೆ ಇಳಿದುಹೋಗುತ್ತದೆ, 15 ಕಿ.ಮೀ. ಆಗುವಷ್ಟರಲ್ಲಿ ಚರ್ಮ ಉಜ್ಜತೊಡಗುತ್ತದೆ. ಗಂಡಸರು ಎದೆಯ ತೊಟ್ಟಿಗೆ ಟೇಪು ಅಂಟಿಸುವುದಾದರೆ ಮನೆಯಲ್ಲೇ, ಒಣ ಚರ್ಮಕ್ಕೆ.

ನೋವಿನ ಮಾತ್ರೆ ನುಂಗಿ ಓಡಲೇಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಉದ್ದದ ಓಟ ಮತ್ತು ಸೆಕೆಯೂ ಅದನ್ನೇ ಮಾಡುತ್ತವೆ. ಎರಡೂ ಸೇರಿದರೆ ಆಸ್ಪತ್ರೆ ಸೇರಿದವರಿದ್ದಾರೆ.

ಓಟದ ದಿನ

ಸಭೆ 4:15ಕ್ಕೆ, ಹೊರಡುವುದು 4:30ಕ್ಕೆ. ಡಿಸೆಂಬರ್ ಕೊನೆಯಲ್ಲಿ ಉಡುಪಿಯಲ್ಲಿ ಸೂರ್ಯೋದಯ ಸುಮಾರು 6:50ಕ್ಕೆ. 7:15ರ ವೇಗದ ಗುಂಪು ಎರಡನೇ ಸಲ ತಿರುವು ಮುಟ್ಟುವಾಗ ಗಡಿಯಾರದಲ್ಲಿ ಬೆಳಿಗ್ಗೆ 7:15 ದಾಟಿರುತ್ತದೆ, ಬಿಸಿಲು ಏರುವ ಮೊದಲು ಎಂಟೂಕಾಲರ ಹೊತ್ತಿಗೆ ಠಾಣೆಗೆ ಬಂದಿರುತ್ತಾರೆ. ಅರ್ಧ ಗಂಟೆ ತಡವಾಗಿ ಹೊರಟರೆ ಆ ಅರ್ಧ ಗಂಟೆ ಕೊನೆಯಲ್ಲಿ, ಅತಿ ಕೆಟ್ಟ ಬಿಸಿಲಿನಲ್ಲಿ ಸೇರಿಕೊಳ್ಳುತ್ತದೆ. ತಡವಾಗಿ ಬಂದವರಿಗಾಗಿ ಕಾಯಬೇಡಿ.

ನಾಯಿಗಳು ಅಡ್ಡ ಬಂದರೆ ಓಟ ನಿಲ್ಲಿಸಿ ಒಟ್ಟಾಗಿ ನಡೆಯಿರಿ, ಕಣ್ಣಿಗೆ ಬೆಳಕು ಬಿಡಬೇಡಿ. ಕಚ್ಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಲಸಿಕೆ. ಬೆಳಕು ಹರಿಯುವಾಗ ಕೈರಂಪಣಿ ಬಲೆ ಎಳೆಯುವ ಮೀನುಗಾರರು ಹಗ್ಗ, ಬಲೆ ಹೊತ್ತು ರಸ್ತೆ ದಾಟುತ್ತಾರೆ. ನಿಂತು ದಾರಿ ಬಿಡಿ, ಅದು ಅವರ ದುಡಿಮೆಯ ಹೊತ್ತು.

15ಕ್ಕೆ ಠಾಣೆಗೆ ಬಂದಾಗ ಎರಡು ನಿಮಿಷ, ಹೆಚ್ಚಿಲ್ಲ. ಕೂತರೆ ಕಾಲು ಸೆಟೆಯುತ್ತದೆ. ಕೊನೆಯವರ ಜೊತೆಗಾರರು ಒಬ್ಬೊಬ್ಬರನ್ನೂ ಮಾತಾಡಿಸಿ ನೋಡಲಿ. ಹೆಜ್ಜೆಯ ಬಗೆ ಬದಲಿಸುವಂಥ ನೋವಿದ್ದರೆ, ಕುಂಟುತ್ತಿದ್ದರೆ, ಅಲ್ಲಿಗೇ ನಿಲ್ಲಿಸಬೇಕು. 15 ಓಡಿಯೂ ಮ್ಯಾರಥಾನ್ ಓಡಬಹುದು, ಗಾಯ ಮಾಡಿಕೊಂಡರೆ ಆಗದು. ತಲೆಗೆ ನೀರು ಹೊಯ್ದುಕೊಳ್ಳುವಾಗ ಮುಂದಕ್ಕೆ ಬಾಗಿ. ನೆಟ್ಟಗೆ ನಿಂತು ಹೊಯ್ದರೆ ನೀರೆಲ್ಲ ಶೂಗೆ ಇಳಿಯುತ್ತದೆ, ಮುಂದಿನ 15 ಕಿ.ಮೀ. ಒದ್ದೆ ಪಾದದಲ್ಲಿ ಓಡಬೇಕಾಗುತ್ತದೆ.

20 ದಾಟಿದ ಮೇಲೆ ಅದೇ ವೇಗಕ್ಕೂ ನಾಡಿ ಹತ್ತು ಹದಿನೈದು ಬಡಿತ ಏರುವುದು ಸೆಕೆಯಲ್ಲಿ ಸಹಜ. ಮಾತಾಡಲು ಕಷ್ಟವಾದರೆ ಕಿ.ಮೀ.ಗೆ 15 ಸೆಕೆಂಡ್ ಇಳಿಸಿ. ಮೊದಲೇ ಎರಡು ಮೂರು ಮ್ಯಾರಥಾನ್ ಓಡಿದವರು, 6:30ರ ಗುಂಪಿನವರು, ಬೇಕಿದ್ದರೆ 26ರಿಂದ 30ನ್ನು ಸ್ಪರ್ಧೆಯ ವೇಗದಲ್ಲಿ ಓಡಬಹುದು. ಮೊದಲ ಸಲದವರಿಗೆ ಅದು ಬೇಡ.

ಯಾರಾದರೂ ತೂರಾಡಿದರೆ, ಅಸಂಬದ್ಧ ಮಾತಾಡಿದರೆ, ತಾನು ಎಲ್ಲಿದ್ದೇನೆಂದು ತಿಳಿಯದಿದ್ದರೆ ಶಾಖಾಘಾತ ಎಂದೇ ಹಿಡಿಯಿರಿ. ಬೆವರು ಬರುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ, ಓಟಗಾರರಲ್ಲಿ ಬೆವರು ಇದ್ದೂ ಇದು ಬರುತ್ತದೆ. ನೆರಳಿಗೆ ಮಲಗಿಸಿ, ಐಸ್ ನೀರಿನಲ್ಲಿ ಅದ್ದಿದ ಬೈರಾಸುಗಳನ್ನು (ಟವೆಲುಗಳನ್ನು) ತಲೆ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಹಾಕಿ, ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸುತ್ತಾ 108ಕ್ಕೆ ಫೋನ್ ಮಾಡಿ. ಇದಕ್ಕೆಂದು ಠಾಣೆಯಲ್ಲಿ 10 ಕಿಲೋ ಐಸ್, ಆರು ಬೈರಾಸು ಇರಲಿ. ಮಲ್ಪೆಯಲ್ಲಿ ಐಸಿಗೆ ಬರವಿಲ್ಲ, ಆದರೆ ಅದು ಮೀನಿಗೆ ಮಾಡಿದ ಐಸು, ಯಾರೂ ಬಾಯಿಗೆ ಹಾಕಿಕೊಳ್ಳಬಾರದು. ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗುವ ದಾರಿ ಕಾರಿನ ಚಾಲಕರಿಗೆ ಮೊದಲೇ ಗೊತ್ತಿರಲಿ.

ಮುಗಿದ ಮೇಲೆ

ಹತ್ತು ನಿಮಿಷ ನಡೆಯಿರಿ, ಒಣ ಬಟ್ಟೆ, ತೂಕ, ಆಮೇಲೆ ಊಟ. ಉಪ್ಪಿನಕಾಯಿ ಹಾಕಿದ ಗಂಜಿ ಈ ಹೊತ್ತಿಗೆ ಬಹಳ ಒಳ್ಳೆಯದು, ನೀರು, ಉಪ್ಪು, ಅನ್ನ ಮೂರೂ ಒಟ್ಟಿಗೆ ಸಿಗುತ್ತವೆ. ಜೊತೆಗೆ ಎರಡು ಮೂರು ಮೊಟ್ಟೆ. ಸಜ್ಜಿಗೆ-ಬಜಿಲ್ (ಉಪ್ಪಿಟ್ಟು-ಅವಲಕ್ಕಿ) ಆದರೂ ಆದೀತು. ಎದುರಿಗೇ ಕಡಲಿದೆ ಎಂದು ಈಜಲು ಇಳಿಯಬೇಡಿ. ದಣಿದ ಮೀನಖಂಡ ನೀರಿನಲ್ಲಿ ಹಿಡಿದುಕೊಂಡರೆ ಮರಳಿ ಬರುವುದು ಕಷ್ಟ. ಮೊಣಕಾಲುದ್ದ ನೀರಿನಲ್ಲಿ ನಿಂತರೆ ಸಾಕು.

ಸೋಮವಾರ ವಿರಾಮ, ಬೇಕಾದರೆ ಅರ್ಧ ಗಂಟೆ ನಡಿಗೆ. ಬುಧವಾರ 5 ಕಿ.ಮೀ. ನಿಧಾನ. ಮೆಟ್ಟಿಲಿಳಿಯುವಾಗ ತೊಡೆ ನೋಯುವುದು ಮೂರ್ನಾಲ್ಕು ದಿನದಲ್ಲಿ ಹೋಗುತ್ತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ಎಲುಬು ನೋಯುತ್ತಿದ್ದರೆ ಓಡದೆ ವೈದ್ಯರಿಗೆ ತೋರಿಸಿ. ಮುಂದಿನ ಭಾನುವಾರ 20ರಿಂದ 22, ಅದರ ಮುಂದಿನದ್ದು 12, ಆಮೇಲೆ ಸ್ಪರ್ಧೆ.

ಶೂ ಒಳಗಿನ ಹೊಯಿಗೆ ಅವತ್ತೇ ಕೊಡವಿ, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಒಳಗೆ ಹಳೆಯ ಪೇಪರು ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಟ್ಟೆಯ ಅಂಟು ಸಡಿಲವಾಗುತ್ತದೆ, ಮೂರು ವಾರದ ಮೇಲೆ ಅದೇ ಶೂ ಬೇಕು.